ಬೆಳಗಾದರೆ ಸಡಿಲವಾಗುತ್ತಿದ್ದ ಗೈಡ್

ನಾನು ಮರ ಕೊಯ್ಯುವ ಬ್ಯಾಂಡ್ ಸಾ ಮಿಷನ್ ಮುಂದೆ ನಿಲ್ಲುವುದು ನಮ್ಮ ಅತ್ತೆಗೆ ಇಷ್ಟವಿರಲಿಲ್ಲ. ಇಷ್ಟವಿಲ್ಲವೆಂದು ಅವರು ಒಮ್ಮೆಯೂ ಬಾಯಿಬಿಟ್ಟು ಹೇಳಲಿಲ್ಲ. ಹೇಳಿದ್ದರೆ ಜಗಳವಾಡಿ ಮುಗಿಸಬಹುದಿತ್ತು.

ಆನೇಮಹಲ್ ಹತ್ತಿರ ಹೆದ್ದಾರಿಯ ಪಕ್ಕದಲ್ಲೇ ನಮ್ಮ ಮರಗೆಲಸದ ಶೆಡ್ಡು, ಅದರ ಹಿಂದೆ ಮನೆ. ಎರಡನ್ನೂ ಕಟ್ಟಿದವರು ಮಾವ. ಅವರು ಹೋದ ಮೇಲೆ ನನ್ನ ಗಂಡ ಸ್ವಲ್ಪ ಕಾಲ ಶೆಡ್ಡು ನಡೆಸಿದರು. ಆದರೆ ಅವರಿಗೆ ಮರದ ಧೂಳು ಆಗುವುದಿಲ್ಲ. ಮಿಷನ್ ಮುಂದೆ ಸ್ವಲ್ಪ ಹೊತ್ತು ನಿಂತರೂ ಏದುಸಿರು ಬರುತ್ತಿತ್ತು. ಆರ್ಡರ್ ಹಿಡಿಯುವುದು, ಮರ ತರುವುದು, ಮಾಲು ತಲುಪಿಸುವುದು ಅವರ ಪಾಲಿಗಾಯಿತು, ಕೊಯ್ಯುವುದು ನನ್ನ ಪಾಲಿಗೆ ಬಂತು. ಮೂಗಿಗೆ ಬಟ್ಟೆ ಕಟ್ಟಿಕೊಂಡು ಬಾಗಿಲಲ್ಲಿ ನಿಂತು ಅವರೇ ನನಗೆ ಕೆಲಸ ಕಲಿಸಿದರು. ಹೋಮ್‌ಸ್ಟೇಗಳು ಹೆಚ್ಚಾದಂತೆ ಬಾಗಿಲು ಕಿಟಕಿ ಕೇಳುವವರು ಕಡಿಮೆಯಾಗಿ, ಹಲಸಿನ ತಟ್ಟೆ, ಹಳೇ ಕಾಫಿ ಗಿಡದ ಬುಡದಿಂದ ಮಾಡಿದ ಸ್ಟೂಲು, ಟೀಪಾಯಿ ಕೇಳುವವರು ಬಂದರು. ಎಲ್ಲವೂ ಡೊಂಕು ಕೆಲಸ. ಬ್ಯಾಂಡ್ ಸಾ ಇಲ್ಲದೆ ಒಂದೂ ಆಗದು.

ಈ ಮಿಷನ್ ನೋಡದವರಿಗೆ ಹೇಳುತ್ತೇನೆ. ಮೇಲೊಂದು ಕೆಳಗೊಂದು ಚಕ್ರ, ಎರಡಕ್ಕೂ ಸುತ್ತಿಕೊಂಡು ಓಡುವ ಹಲ್ಲಿನ ಉಕ್ಕಿನ ಪಟ್ಟಿ. ಆ ಪಟ್ಟಿಯೇ ಬ್ಲೇಡು. ಅದು ಓಲಾಡದಂತೆ ಎಡಕ್ಕೊಂದು ಬಲಕ್ಕೊಂದು ತುಂಡು ನಿಂತಿರುತ್ತವೆ, ಬೆನ್ನಿಗೊಂದು ಬೇರಿಂಗ್. ಇವನ್ನೇ ಗೈಡ್ ಅನ್ನುವುದು. ಬ್ಲೇಡಿಗೂ ಗೈಡಿಗೂ ನಡುವೆ ಒಂದು ಬಸ್ ಟಿಕೆಟ್ ತೂರುವಷ್ಟು ಸಂದು ಇರಬೇಕು. ಅದಕ್ಕಿಂತ ಬಿಗಿಯಾದರೆ ಬ್ಲೇಡು ಬಿಸಿಯೇರುತ್ತದೆ, ಸಡಿಲವಾದರೆ ಬ್ಲೇಡು ತನ್ನ ದಾರಿ ಹಿಡಿಯುತ್ತದೆ. ಗೆರೆ ಒಂದು ಕಡೆ, ಕೊಯ್ತ ಇನ್ನೊಂದು ಕಡೆ.

ನಮ್ಮ ಮಿಷನ್ನಿನಲ್ಲಿದ್ದವು ಮಾವ ಬೀಟೆ ಮರದಲ್ಲಿ ಕೆತ್ತಿ ಕೂರಿಸಿದ ಗೈಡುಗಳು. ಮರದ ಗೈಡು ಕೆಟ್ಟದ್ದೇನಲ್ಲ. ಸಣ್ಣ ಬ್ಲೇಡು ಹಾಕಿದಾಗ ಹಲ್ಲು ತಾಗಿದರೂ ಹಲ್ಲು ಮೊಂಡಾಗುವುದಿಲ್ಲ. ಸವೆದರೆ ಸ್ವಲ್ಪ ಉಜ್ಜಿ ಮುಂದೆ ತಳ್ಳಿದರಾಯಿತು. ಅವನ್ನು ಬಿಗಿ ಮಾಡಲು ಬೆರಳಲ್ಲೇ ತಿರುಗಿಸುವ ಸ್ಕ್ರೂಗಳಿದ್ದವು.

ಸಂಜೆ ಕೆಲಸ ಮುಗಿಸುವ ಮುಂಚೆ ನಾನು ಟಿಕೆಟ್ ತೂರಿಸಿ ಗೈಡು ಸರಿಮಾಡಿ ಬಿಗಿದು ಬರುತ್ತಿದ್ದೆ. ಬೆಳಿಗ್ಗೆ ಮೊದಲ ತುಂಡಿಗೇ ಬ್ಲೇಡು ಪಕ್ಕಕ್ಕೆ ಎಳೆಯುತ್ತಿತ್ತು. ನೋಡಿದರೆ ಗೈಡು ಸಡಿಲ. ದಿನವೂ ಅಲ್ಲ. ದೊಡ್ಡ ಆರ್ಡರ್ ಇದ್ದಾಗ, ಒಳ್ಳೆಯ ಮರ ಬಂದಿದ್ದಾಗ. ಹೆದ್ದಾರಿಯ ಲಾರಿಗಳ ಅದುರಾಟಕ್ಕೆ ಹೀಗಾಗುತ್ತದೆಯೇನೋ ಅಂದುಕೊಂಡೆ, ಕೇಳಿದರೆ ಗಂಡನೂ ಹಾಗೇ ಅಂದರು. ಕೆಲವು ದಿನ ನೋಡಿಕೊಂಡು ಶುರುಮಾಡುತ್ತಿದ್ದೆ, ಕೆಲವು ದಿನ ಅವಸರದಲ್ಲಿ ಮರೆಯುತ್ತಿದ್ದೆ. ಮರೆತ ದಿನ ಒಂದು ತುಂಡು ಹಾಳು.

ಹಾಳಾದ ತುಂಡುಗಳನ್ನು ಅತ್ತೆ ಒಲೆಗೆ ಹಾಕಗೊಡುತ್ತಿರಲಿಲ್ಲ. ಶೆಡ್ಡಿನ ಮುಂದಿನ ಬೆಂಚಿನ ಮೇಲೆ ಸಾಲಾಗಿ ಜೋಡಿಸಿಡುತ್ತಿದ್ದರು. ಗಿರಾಕಿಗಳು ಬಂದರೆ ತಾವೇ ಎತ್ತಿ ತೋರಿಸುವರು.

“ನೋಡಿ, ಎಂಥ ಹಲಸು. ನನ್ನ ಸೊಸೆ ಕುಯ್ದಿರೋದು,” ಅನ್ನುವರು. ದನಿಯಲ್ಲಿ ಸಿಟ್ಟಿರುತ್ತಿರಲಿಲ್ಲ, ಅಡುಗೆಯ ವಿಷಯ ಹೇಳಿದಂತೆ ಇರುತ್ತಿತ್ತು. “ಪಾಪ, ಅವ್ಳೂ ಕಲೀತಾವ್ಳೆ. ನನ್ನ ಅಳಿಯ ಆಲೂರಲ್ಲಿ ಫರ್ನಿಚರ್ ಅಂಗಡೀಲವ್ನೆ, ಅವ್ನಾಗಿದ್ರೆ ಹಿಂಗಾಗ್ತಿರ್ಲಿಲ್ಲ.”

ಶೆಡ್ಡು ಮಗಳು ಅಳಿಯನ ಕೈಗೆ ಹೋಗಬೇಕೆಂಬುದು ಅತ್ತೆಯ ಆಸೆ. ಅದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಅಳಿಯ ಒಂದು ಮೊಳೆ ಹೊಡೆದವನಲ್ಲ, ಸೋಫಾ ಮಾರುವವನು. ಆದರೂ ಅತ್ತೆಗೆ ಅವನೇ ಆಗಬೇಕಿತ್ತು. ಒಬ್ಬ ಹೋಮ್‌ಸ್ಟೇಯವರು ಬೆಂಚಿನ ಮೇಲಿನ ತುಂಡುಗಳನ್ನು ನೋಡಿ, ನಾನು ಒಳಗಿರುವಾಗಲೇ ನನ್ನ ಗಂಡನಿಗೆ ಫೋನ್ ಮಾಡಿ ಆರ್ಡರ್ ವಾಪಸ್ ತೆಗೆದುಕೊಂಡರು. ಆ ದಿನ ಊಟದ ಹೊತ್ತಿಗೆ ಗಂಡ, “ಸ್ವಲ್ಪ ಗಮನ ಇಟ್ಟು ಕೆಲ್ಸ ಮಾಡು,” ಅಂದರು. ಅತ್ತೆ ನನ್ನ ತಟ್ಟೆಗೆ ಇನ್ನೊಂದು ಸೌಟು ಸಾರು ಬಡಿಸಿದರು.

ಅದಾಗಿ ಕೆಲವು ವಾರಕ್ಕೆ ಕಾಫಿ ಬುಡವೊಂದನ್ನು ಸೀಳುವಾಗ ಬ್ಲೇಡು ಒಮ್ಮೆಲೇ ಪಕ್ಕಕ್ಕೆ ವಾಲಿತು. ಬುಡ ಉರುಳಿತು, ಅದರೊಂದಿಗೆ ನನ್ನ ಎಡಗೈಯೂ ಹೋಯಿತು. ಹೆಬ್ಬೆರಳಿನ ಉಗುರು ಬುಡಸಮೇತ ಕಿತ್ತುಬಂತು. ಅತ್ತೆಯೇ ಅರಿಶಿನ ತಂದು ಒತ್ತಿದರು, ಹಳೇ ಸೀರೆ ಹರಿದು ಬಟ್ಟೆ ಕಟ್ಟಿದರು. ಕಟ್ಟುತ್ತಾ, “ನಿಮ್ಮ ಮಾವ ಇಷ್ಟು ವರ್ಷ ಕೆಲ್ಸ ಮಾಡಿದ್ರು, ಒಂದು ಗೀರು ಆಗ್ಲಿಲ್ಲ ಕಣೆ. ಈ ಮಿಷನ್ ನಿನ್ನ ಕೈಗೆ ಒಗ್ಗಲ್ಲ, ಬುಟ್ಬುಡು,” ಅಂದರು. ಅಷ್ಟು ಮೆತ್ತಗೆ ಅವರು ನನ್ನೊಡನೆ ಅದಕ್ಕೆ ಮುಂಚೆ ಮಾತಾಡಿರಲಿಲ್ಲ. ನನಗೆ ಅಳು ಬಂದಿತ್ತು. ಪ್ರೀತಿ ಅಂದುಕೊಂಡಿದ್ದೆ.

ಬೆರಳು ಮಾಯುವಷ್ಟು ದಿನ ನಾನು ಫೋನಿನಲ್ಲಿ ಗೈಡುಗಳ ವಿಡಿಯೋ ನೋಡುತ್ತ ಕೂತೆ. ಉಕ್ಕಿನ ಗೈಡು, ಬೇರಿಂಗ್ ಗೈಡು, ಸೆರಾಮಿಕ್ ಗೈಡು ಅಂತ ಹಲವು ಇದ್ದವು. ಬೆರಳು ಒಣಗಿದ ಮೇಲೆ ಹಾಸನಕ್ಕೆ ಹೋಗಿ ಮಿಷನ್ ಬಿಡಿಭಾಗಗಳ ಅಂಗಡಿ ಹೊಕ್ಕೆ. ಅಂಗಡಿಯವರು ಮೊದಲು ಸೆರಾಮಿಕ್ ಮುಂದಿಟ್ಟರು. ಅದು ಸವೆಯುವುದಿಲ್ಲ, ಆದರೆ ಒಂದು ಪೆಟ್ಟು ಬಿದ್ದರೆ ಚಕ್ಕೆ ಏಳುತ್ತದೆ. ಉಕ್ಕಿನದು ಬೇಡವೆಂದೆ, ನಾನು ಹಾಕುವುದು ಹೆಚ್ಚಾಗಿ ಸಣ್ಣ ಬ್ಲೇಡು, ಅದರ ಹಲ್ಲು ತಿಂದುಬಿಡುತ್ತದೆ. ಉಳಿದದ್ದು ಬೇರಿಂಗ್. ಹಲಸಿನ ಅಂಟು ಬೇರಿಂಗಿಗೆ ಶತ್ರು. ಹಸಿ ಹಲಸು ಕೊಯ್ದರೆ ಅಂಟು ಹಿಡಿದು ತಿರುಗುವುದೇ ನಿಲ್ಲುತ್ತದೆ. ಮುಚ್ಚಿದ ಬೇರಿಂಗ್ ಇರುವುದೊಂದನ್ನು ಅವರು ತೆಗೆದು ತೋರಿಸಿದರು.

“ಇದು ಸಡಿಲ ಆಗಲ್ವಾ?” ಎಂದು ಕೇಳಿದೆ. “ನಮ್ಮದು ಹೈವೇ ಪಕ್ಕ. ಬೆಳಗಾಗೋ ಹೊತ್ತಿಗೆ ಗೈಡ್ ಬಿಚ್ಕೊಂಡಿರುತ್ತೆ.”

ಅಂಗಡಿಯವರು ಕೈಯಲ್ಲಿದ್ದ ಬೇರಿಂಗನ್ನು ಕೆಳಗಿಟ್ಟರು. “ಮಿಷನ್ ಓಡುವಾಗ ಬಿಚ್ಕೊಂಡ್ರೆ ಸರಿ. ನಿಂತಿರುವಾಗ ತಾನಾಗೇ ಹೆಂಗಮ್ಮ ಬಿಚ್ಕೊಳುತ್ತೆ?” ಅಂದರು. ಆಮೇಲೆ, “ಇದು ತಗೊಂಡೋಗಿ. ಇದಕ್ಕೆ ಅಲೆನ್ ಬೋಲ್ಟು, ತಲೇಲಿ ಆರು ಮೂಲೆ ತೂತು. ಕೀ ಇಲ್ದೆ ಯಾರ ಕೈಗೂ ಬರಲ್ಲ,” ಎಂದರು.

ವಾಪಸ್ ಬರುವಾಗ ಬಸ್ಸಿನಲ್ಲಿ ಆ ಮಾತು ಕಿವಿಯಲ್ಲೇ ಇತ್ತು. ಇದ್ದರೂ ನಾನು ಅದನ್ನು ಮುಂದಕ್ಕೆ ಯೋಚಿಸಲಿಲ್ಲ. ಮನೆಯೊಳಗಿನವರ ಮೇಲೆ ಅನುಮಾನ ಪಡುವುದು ಅಷ್ಟು ಸುಲಭವಲ್ಲ. ಮರುದಿನ ಮರದ ಗೈಡುಗಳನ್ನು ಬಿಚ್ಚಿ ಹೊಸದನ್ನು ಕೂರಿಸಿದೆ. ಬೇರಿಂಗನ್ನು ಹಲ್ಲಿನ ತಗ್ಗಿಗಿಂತ ತುಸು ಹಿಂದೆ ನಿಲ್ಲಿಸಿ, ಸಂದು ನೋಡಿ ಬಿಗಿದೆ. ಅಲೆನ್ ಕೀಯನ್ನು ನನ್ನ ಪರ್ಸಿಗೆ ಹಾಕಿಕೊಂಡೆ. ಕಳೆದುಹೋಗದಿರಲಿ ಅಂತ, ಬೇರೇನೂ ಇಲ್ಲ. ಆ ವಾರ ಕೊಯ್ದ ಒಂದು ತುಂಡೂ ಗೆರೆ ಬಿಟ್ಟು ಹೋಗಲಿಲ್ಲ. ಕಾಫಿ ಬುಡವನ್ನು ಹಪ್ಪಳದಷ್ಟು ತೆಳ್ಳಗೆ ಸೀಳಿ ಗಂಡನಿಗೆ ತೋರಿಸಿದೆ. ಅತ್ತೆ ಬಾಗಿಲಲ್ಲಿ ನಿಂತು ನೋಡಿ ಒಳಗೆ ಹೋದರು.

ಆ ವಾರದ ಕೊನೆಗೆ ಜೋರು ಗಾಳಿ ಬೀಸಿ ಎಲ್ಲೋ ಮರ ಬಿದ್ದು ಕರೆಂಟು ಹೋಯಿತು. ಬೆಳಿಗ್ಗೆಯೂ ಬಂದಿರಲಿಲ್ಲ. ಗಂಡ ಮಾಲು ತಲುಪಿಸಲು ಹಿಂದಿನ ದಿನವೇ ಬೇರೆ ಊರಿಗೆ ಹೋಗಿದ್ದರು. ಕೆಲಸವಿಲ್ಲವಲ್ಲ ಅಂತ ನಾನು ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದೆ. ಶೆಡ್ಡಿನಿಂದ ಕೂಗು ಕೇಳಿ ಓಡಿದೆ. ಅತ್ತೆ ಮಿಷನ್ನಿನ ಬುಡದಲ್ಲಿ ಕೂತಿದ್ದರು. ಬಲಗೈಯ ಅಂಗೈ ಹೆಬ್ಬೆರಳಿನ ಬುಡದಿಂದ ಕಿರುಬೆರಳಿನವರೆಗೆ ಬಾಯಿ ತೆರೆದಿತ್ತು. ಕಟಿಂಗ್ ಪ್ಲೇಯರ್ ಮಿಷನ್ನಿನ ಮೇಜಿನ ಮೇಲೆ ಬಿದ್ದಿತ್ತು. ಅದರಲ್ಲಿ ಬೋಲ್ಟು ಹಿಡಿದು ಮೈಭಾರವೆಲ್ಲ ಹಾಕಿ ತಿರುಗಿಸಲು ಹೋಗಿದ್ದರು. ಪ್ಲೇಯರ್ ಜಾರಿ, ಕೈ ಬ್ಲೇಡಿನ ಹಲ್ಲುಗಳ ಮೇಲೆ ಉದ್ದಕ್ಕೂ ಎಳೆದುಕೊಂಡು ಹೋಗಿತ್ತು. ನಿಂತ ಬ್ಲೇಡಿಗೂ ಹಲ್ಲು ಹಲ್ಲೇ.

ಆಗಲೇ ನನಗೆ ಎಲ್ಲವೂ ಗೊತ್ತಾಗಿದ್ದು. ಗೊತ್ತಾದರೂ ಆಗ ಮಾಡುವುದಕ್ಕೆ ಬೇರೆ ಕೆಲಸವಿತ್ತು. ಟವೆಲ್ ಸುತ್ತಿ ಆಟೋದಲ್ಲಿ ಸಕಲೇಶಪುರಕ್ಕೆ ಕರೆದುಕೊಂಡು ಹೋದೆ. ಅಲ್ಲಿ ನರ ಹೋಗಿದೆ ಎಂದು ಹಾಸನಕ್ಕೆ ಕಳಿಸಿದರು. ದಾರಿಯುದ್ದಕ್ಕೂ ಅತ್ತೆ ನನ್ನ ಹೆಗಲಿಗೆ ತಲೆಯಿಟ್ಟುಕೊಂಡಿದ್ದರು.

ಆಸ್ಪತ್ರೆಗೆ ಗಂಡ ಬಂದರು, ಆಲೂರಿನಿಂದ ನಾದಿನಿ, ಅಳಿಯ ಬಂದರು. ಅವರೆಲ್ಲ ಮಂಚದ ಸುತ್ತ ನಿಂತಾಗ ಅತ್ತೆ ಬಾಯಿ ಬಿಟ್ಟರು.

“ನಾನು ಮಿಷನ್ ಒರೆಸ್ತಿದ್ದೆ. ಇವ್ಳು ಹಿಂದಿಂದ ಬಂದು ಸ್ವಿಚ್ ಹಾಕ್ಬುಟ್ಲು.”

ನಾದಿನಿ ನನ್ನ ರಟ್ಟೆ ಹಿಡಿದು ಹೊರಗೆ ದಬ್ಬಿದಳು. “ನಮ್ಮವ್ವನ ಕೈ ತಗುದುಬುಟ್ಯಲ್ಲ, ಇನ್ನೇನು ತಗೀಬೇಕು ನಿಂಗೆ?” ಅಂದಳು. ನಾನು ಗಂಡನನ್ನು ನೋಡಿದೆ. ಅವರು ವರಾಂಡಕ್ಕೆ ಬಂದು ತಗ್ಗಿದ ದನಿಯಲ್ಲಿ, “ಹಾಕಿದ್ಯಾ?” ಎಂದು ಕೇಳಿದರು.

ಅತ್ತೆ ಹೇಳಿದ ಸುಳ್ಳು ನನಗೆ ಅಷ್ಟು ತಾಗಲಿಲ್ಲ. ಈ ಒಂದು ಮಾತು ತಾಗಿತು. ಹಾಗೆ ಕೇಳಿದವರಿಗೆ ಏನನ್ನೂ ಬಿಡಿಸಿ ಹೇಳಬೇಕೆನಿಸಲಿಲ್ಲ. ಬಸ್ ಹತ್ತಿ ಒಬ್ಬಳೇ ಮನೆಗೆ ಬಂದೆ. ನೆಂಟರಿಗೆಲ್ಲ ಸುದ್ದಿ ಹೋಯಿತು. ಎದುರು ಸಿಕ್ಕರೆ ಮಾತಾಡಿಸುತ್ತಿದ್ದವರು ರಸ್ತೆಯ ಆಚೆ ಬದಿಗೆ ಹೋದರು.

ಅತ್ತೆಯನ್ನು ಮನೆಗೆ ಕರೆತಂದ ದಿನ ನಮ್ಮ ಪಕ್ಕದ ಹಿಟ್ಟಿನ ಗಿರಣಿಯವರು ಎಳನೀರು ಹಿಡಿದುಕೊಂಡು ನೋಡಲು ಬಂದರು. ನಡುಮನೆಯಲ್ಲಿ ನೆಂಟರು ಕೂತಿದ್ದರು. ನಾದಿನಿ ಮತ್ತೊಮ್ಮೆ ಕಥೆ ಶುರುಮಾಡಿದಳು, ಹೆಂಗೆ ಸ್ವಿಚ್ ಹಾಕಿದಳು, ಹೆಂಗೆ ಬ್ಲೇಡು ತಿರುಗಿತು ಅಂತ. ಗಿರಣಿಯವರು ಪೂರ್ತಿ ಕೇಳಿದರು.

“ಯಾವತ್ತು ಅಂದ್ರಿ?”

“ಗಾಳಿ ಬಂತಲ್ಲ, ಅದರ ಮಾರನೇ ದಿನ. ಬೆಳಿಗ್ಗೆ.”

“ಅವತ್ತು ಸಂಜೇ ತನ್ಕ ಕರೆಂಟೇ ಇರ್ಲಿಲ್ವಲ್ಲ ಮಾರಾಯ್ತಿ,” ಅಂದರು ಗಿರಣಿಯವರು. “ನನ್ನ ಗಿರಣಿ ಮುಂದೆ ರಾಗಿ ಚೀಲ ಹೊತ್ಕೊಂಡು ಜನ ನಿಂತೇ ಇದ್ರು.”

ಅಳಿಯ ಫೋನ್ ತೆಗೆದು ನೋಡತೊಡಗಿದ. ಗಿರಣಿಯವರಿಗೆ ತಾವು ಏನು ಹೇಳಿದೆವೆಂದು ತಿಳಿಯಿತೋ ಇಲ್ಲವೋ, ಎಳನೀರು ಇಟ್ಟು ಎದ್ದು ಹೋದರು. ನಾನು ಶೆಡ್ಡಿಗೆ ಹೋಗಿ ಆ ಪ್ಲೇಯರ್ ತಂದು ಅತ್ತೆಯ ಮಂಚದ ಮೇಲಿಟ್ಟೆ. ಹಿಡಿಗೆ ಒಣಗಿದ ರಕ್ತ ಇನ್ನೂ ಅಂಟಿಕೊಂಡಿತ್ತು.

ಗಂಡ ತಾಯಿಯ ಪಕ್ಕ ಕೂತರು. “ಅವ್ವ, ಗೈಡು ಸಡಿಲ ಮಾಡ್ತಿದ್ದಿದ್ದು ನೀನಾ?”

“ಹ್ಞೂಂ,” ಅಂದರು ಅತ್ತೆ. ಮುಖ ತಿರುಗಿಸಿಕೊಳ್ಳಲಿಲ್ಲ. “ಬೇಜಾರಾಗಿ ಬುಟ್ಬುಡ್ಲಿ ಅಂತ.”

“ಕೈ ಹೋಗಿದ್ರೆ?”

ಅತ್ತೆ ಸ್ವಲ್ಪ ಯೋಚಿಸಿದರು. “ಹೋಗಿದ್ರೆ ಮನೇಲಿ ಕೂತ್ಕೊಂಡಿರ್ತಿದ್ಲು,” ಅಂದರು.

ಕಿತ್ತುಹೋದ ಉಗುರಿಗೆ ಅರಿಶಿನ ಒತ್ತಿದ್ದು ಇದೇ ಕೈ. ನಾನು ಅಡುಗೆಮನೆಗೆ ಹೋಗಿ ನೀರು ಕುಡಿದೆ. ನೆಂಟರು ಒಬ್ಬೊಬ್ಬರಾಗಿ ಎದ್ದರು. ತಪ್ಪಾಯಿತೆಂದು ನನಗೆ ಯಾರೂ ಹೇಳಲಿಲ್ಲ. ನಾದಿನಿ ಹೋಗುವಾಗ, “ಇಂಥೋಳ ಹತ್ರ ಅವ್ವನ್ನ ಬುಡಕಾಗಲ್ಲ,” ಎಂದು ತಾಯಿಯನ್ನು ಆಲೂರಿಗೆ ಕರೆದುಕೊಂಡು ಹೋದಳು.

ಹೆಚ್ಚು ಕಾಲ ಇಟ್ಟುಕೊಳ್ಳಲಿಲ್ಲ. ಬಲಗೈಯ ಬೆರಳುಗಳು ಮಡಚುತ್ತಿರಲಿಲ್ಲ. ಜಡೆ ಹೆಣೆಯಬೇಕು, ಸೀರೆ ಉಡಿಸಬೇಕು, ಅನ್ನ ಕಲಸಿ ಬಾಯಿಗಿಡಬೇಕು. ಒಂದು ಮಧ್ಯಾಹ್ನ ಮಗಳು ಅವರನ್ನು ಸರ್ಕಾರಿ ಬಸ್ಸು ಹತ್ತಿಸಿ, ಕಂಡಕ್ಟರಿಗೆ ಇಳಿಸುವ ಜಾಗ ಹೇಳಿ ಕಳಿಸಿಬಿಟ್ಟಳು. ನಮಗೊಂದು ಫೋನೂ ಮಾಡಲಿಲ್ಲ. ನಾನು ಹಲಸಿನ ಹಲಗೆಯೊಂದರ ಡೊಂಕು ಕೊಯ್ಯುತ್ತಿದ್ದೆ. ಬಸ್ಸು ನಿಂತದ್ದು ಕಂಡಿತು. ಎಡಗೈಯಲ್ಲಿ ಬ್ಯಾಗು ಹಿಡಿದು ಅತ್ತೆ ಇಳಿದದ್ದೂ ಕಂಡಿತು. ರಸ್ತೆ ದಾಟಲು ಹೆದರಿ ಅಲ್ಲೇ ಬಿಸಿಲಲ್ಲಿ ನಿಂತಿದ್ದರು. ನಾನು ಕೊಯ್ತ ಮುಗಿಸಿದೆ. ಹಲಗೆಯ ಅಂಚು ಉಜ್ಜಿ ನೋಡಿ, ಧೂಳು ಗುಡಿಸಿ, ಮಿಷನ್ ನಿಲ್ಲಿಸಿ, ಆಮೇಲೆ ಹೋಗಿ ಅವರನ್ನು ದಾಟಿಸಿದೆ.

“ಊಟ ಆಗೈತಾ?” ಅಂದೆ.

“ಇಲ್ಲ.”

ಅನ್ನ ಸಾರು ಕಲಸಿ ತಿನ್ನಿಸಿದೆ. ಎರಡನೇ ತುತ್ತಿಗೆ, “ಉಪ್ಪು ಕಮ್ಮಿ ಆಗೈತೆ,” ಅಂದರು. “ಇರೋದೇ ಇಷ್ಟು,” ಅಂದು ಮುಂದಿನ ತುತ್ತು ಇಟ್ಟೆ. ಇವತ್ತಿಗೂ ಮೂರು ಹೊತ್ತು ನಾನೇ ತಿನ್ನಿಸುತ್ತೇನೆ. ಅವರು ಕ್ಷಮಿಸು ಅಂದಿಲ್ಲ, ನಾನೂ ಕಾಯುತ್ತಿಲ್ಲ.

ಶೆಡ್ಡಿಗೆ ಈಗ ಬೀಗವಿದೆ. ಅದರ ಕೀ ನನ್ನ ಬಳಿ ಮಾತ್ರ. ಗಂಡ ಒಮ್ಮೆ, “ನಂಗೂ ಒಂದು ಮಾಡಿಸ್ಕೊಡು,” ಅಂದಿದ್ದರು.

“ಬೇಕಾದಾಗ ಕೇಳ್ರೀ, ತೆಗ್ದುಕೊಡ್ತೀನಿ,” ಅಂದೆ.

ಅವರು ಕೇಳುತ್ತಾರೆ, ನಾನು ತೆಗೆದುಕೊಡುತ್ತೇನೆ. ಒಳಗಿನ ಕೆಲಸ ಮುಗಿಸಿ ಅವರು ಹೊರಗೆ ಬರುವ ತನಕ ಬಾಗಿಲಲ್ಲೇ ನಿಂತಿರುತ್ತೇನೆ.