ವಿನ್ ಆಂಟಿಯ ಸೇಬಿನ ಪೈ

ನಮ್ಮ ಆಲ್ಡರ್‌ಶಾ ಟೌನ್ ಫುಟ್‌ಬಾಲ್ ಕ್ಲಬ್ಬಿಗೆ ಒಳ್ಳೆಯ ಆಟಗಾರರನ್ನು ತಂದವರು ಯಾರೆಂದು ಕೇಳಿದರೆ ಜನ ಮ್ಯಾನೇಜರುಗಳ ಹೆಸರು ಹೇಳುತ್ತಾರೆ. ಶುದ್ಧ ಸುಳ್ಳು. ತಂದದ್ದು ಕ್ಲಬ್ಬಿನ ಹುಡುಗರನ್ನು ಮನೆಯಲ್ಲಿಟ್ಟುಕೊಂಡು ಊಟ ಹಾಕುತ್ತಿದ್ದ ವಿನಿಫ್ರೆಡ್ ಆಕ್ರಾಯ್ಡ್, ಅಂದರೆ ನಮ್ಮ ವಿನ್ ಆಂಟಿಯ ಅಡುಗೆಮನೆ. ದೂರದೂರಿನ ಹುಡುಗನೊಬ್ಬ ಕಣ್ಣಿಗೆ ಬಿದ್ದರೆ ಕ್ಲಬ್ಬಿನವರು ಅವನ ತಾಯಿಗೆ ಮೈದಾನ ತೋರಿಸುತ್ತಿರಲಿಲ್ಲ. ನೇರ ವಿನ್ ಆಂಟಿಯ ಮನೆಗೆ ಕರೆತಂದು ಚಹಾ ಕುಡಿಸುತ್ತಿದ್ದರು. ಒಲೆಯ ಮೇಲೆ ಬೇಯುತ್ತಿದ್ದ ಸಾರು, ಮಹಡಿಯ ಕೋಣೆಯ ಬೆಚ್ಚನೆ ಹಾಸಿಗೆ, ಒಗೆದು ಮಡಿಸಿಟ್ಟ ಕಾಲುಚೀಲ ನೋಡಿದ ಮೇಲೆ ಆ ತಾಯಿ, "ಸರಿ, ಇಲ್ಲೇ ಇರ್ಲಿ" ಎನ್ನುತ್ತಿದ್ದಳು. ದೊಡ್ಡ ಕ್ಲಬ್ಬುಗಳು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದವು.

ನಾನು ಬಸ್ ಓಡಿಸುವವನು. ಭಾನುವಾರ ನನ್ನ ಭಾವಮೈದುನ ಕ್ಲೈವ್ ಜೊತೆ ಸೇರಿ ಕ್ಲಬ್ಬಿನ ಬಗ್ಗೆ ಪಾಡ್‌ಕಾಸ್ಟ್ ಮಾಡುತ್ತೇನೆ. ಹಳೆಯ ಆಟಗಾರರನ್ನು ಕರೆಸಿ, ಹೇಗೆ ಬಂದಿರಿ, ಆಮೇಲೆ ಏನಾದಿರಿ ಎಂದು ಕೇಳುತ್ತೇವೆ. ಕ್ಲೈವ್‌ಗೆ ಮಾತು ಬರುವುದಿಲ್ಲ, ನನಗೆ ರೆಕಾರ್ಡಿಂಗ್ ಯಂತ್ರ ಬರುವುದಿಲ್ಲ, ಹಾಗಾಗಿ ಜಗಳವಿಲ್ಲ. ಬಂದವರೆಲ್ಲ ಗೋಲಿನ ಮಾತಿಗಿಂತ ಮೊದಲು ಆಂಟಿಯ ಮಾತು ತೆಗೆಯುತ್ತಿದ್ದರು. ಕೊನೆಗೆ ನಾವೇ ಅವರ ಮನೆಗೆ ಹೋದೆವು.

ಎಂಬತ್ತು ದಾಟಿದೆ. ನಾಲಿಗೆಗೆ ಮಾತ್ರ ವಯಸ್ಸಾಗಿಲ್ಲ.

"ಕಾಲು ಒರೆಸ್ಕೊಂಡು ಬಾರೋ. ಇದೇನು ನಿನ್ನ ಬಸ್ಸಾ?" ಎಂದೇ ಸ್ವಾಗತಿಸಿದರು.

ಕುಳಿತ ಮೇಲೆ ಆ ಮನೆಯ ಒಂದು ಪದ್ಧತಿಯ ಕತೆ ಬಂತು. ಯಾವ ಹುಡುಗ ಇನ್ನು ಬೇಡವೋ ಅವನ ವಿಷಯವನ್ನು ಕ್ಲಬ್ಬಿನವರು ಬೆಳಿಗ್ಗೆಯೇ ಆಂಟಿಗೆ ಫೋನ್ ಮಾಡಿ ಹೇಳುತ್ತಿದ್ದರು. ಮಧ್ಯಾಹ್ನ ಮ್ಯಾನೇಜರ್ ಕರೆದು ಸುದ್ದಿ ಮುಟ್ಟಿಸುವ ಮೊದಲು ಹುಡುಗ ಹೊಟ್ಟೆ ತುಂಬ ಉಂಡಿರಲಿ ಎಂದು ಆಂಟಿ ಅವನಿಗೆ ಇಷ್ಟವಾದದ್ದನ್ನೇ ಮಾಡುತ್ತಿದ್ದರು. ಹುಡುಗರೇನು ದಡ್ಡರೇ? ಬೇಗ ಗುಟ್ಟು ಹಿಡಿದರು. ವಾರದ ನಡುವೆ ಮೇಜಿನ ಮೇಲೆ ತನ್ನ ಮೆಚ್ಚಿನ ತಿಂಡಿ ಕಂಡಿತೆಂದರೆ ಕತೆ ಮುಗಿಯಿತು, ಗಂಟುಮೂಟೆ ಕಟ್ಟು ಎಂದೇ ಅರ್ಥ.

"ಫಿಂಟನ್ ಗಾರ್ವೀನ ಹುಡುಕಿ ಕೊಡ್ತೀಯಾ?" ಎಂದು ಆಂಟಿ ಇದ್ದಕ್ಕಿದ್ದಂತೆ ಕೇಳಿದರು.

ಫಿಂಟನ್ ಐರ್ಲೆಂಡಿನ ಸ್ಲೈಗೋ ಕಡೆಯವನು, ಆಗ ಹದಿನೇಳರ ಹುಡುಗ. ಎರಡು ತಿಂಗಳು ಆಡಿಸಿ ನೋಡೋಣವೆಂದು ಕ್ಲಬ್ಬಿನವರು ಕರೆಸಿದ್ದರು. ಒಂದು ಬುಧವಾರ ತರಬೇತಿ ಮುಗಿಸಿ ಬಂದವನು ಮೇಜಿನ ಮೇಲೆ ತನ್ನ ಮೆಚ್ಚಿನ ತಿಂಡಿಯಾದ ಸೇಬಿನ ಪೈ ನೋಡಿದ. ಆಂಟಿ ಹಿತ್ತಲಲ್ಲಿ ಬಟ್ಟೆ ಒಣಹಾಕುತ್ತಿದ್ದರು. ಒಳಗೆ ಬಂದಾಗ ಪೈ ಹಾಗೇ ಇತ್ತು, ಹುಡುಗನಿರಲಿಲ್ಲ. ಅಷ್ಟರಲ್ಲಿ ಅವನು ಲಿವರ್‌ಪೂಲಿಗೆ ಹೋಗಿ ಐರ್ಲೆಂಡಿನ ಹಡಗು ಹತ್ತುವ ದಾರಿಯಲ್ಲಿದ್ದ.

"ಕ್ಲಬ್ಬಿಂದ ಫೋನೇ ಬಂದಿರ್ಲಿಲ್ಲ ಕಣೋ. ಪಕ್ಕದ್ಮನೆಯೋರು ಬುಟ್ಟಿ ಸೇಬು ಕೊಟ್ಟಿದ್ರು, ಕೊಳೀತಿತ್ತು. ಅವನಿಗಿಷ್ಟ ಅನ್ನೋದು ತಲೇಲಿ ಇರ್ಲೇ ಇಲ್ಲ. ಶುಕ್ರವಾರ ಅವನಿಗೆ ಎರಡು ವರ್ಷದ ಒಪ್ಪಂದ ಕೊಡೋರಿದ್ರು."

ಆಂಟಿ ಮ್ಯಾನೇಜರ್ ಬಳಿ ಓಡಿದ್ದರು. "ಪೈಗೆ ಹೆದರಿ ಓಡಿದೋನು ಎದುರಾಳಿ ಮುಂದೆ ನಿಲ್ತಾನಾ?" ಎಂದನಂತೆ ಆ ಮಹಾರಾಯ. ನೆನೆಸಿಕೊಂಡರೆ ಇವತ್ತಿಗೂ ನನ್ನ ಮೈ ಉರಿಯುತ್ತದೆ. ಆಂಟಿಯೇ ಸ್ಲೈಗೋಗೆ ಫೋನ್ ಮಾಡಿದರೆ, ಆಲ್ಡರ್‌ಶಾ ಎಂದ ಕೂಡಲೇ ಹುಡುಗನ ಅಪ್ಪ ಫೋನ್ ಇಟ್ಟುಬಿಟ್ಟ. ಮತ್ತೆ ಮಾಡುವ ಧೈರ್ಯ ಅವರಿಗೆ ಬರಲಿಲ್ಲ.

"ನಲವತ್ತು ವರ್ಷ ಆಯ್ತಲ್ಲ ಆಂಟಿ, ಈಗ್ಯಾಕೆ ಕೆದಕ್ತೀರಾ?" ಎಂದೆ.

"ತಾನು ಬೇಡವಾದೋನು ಅಂತ್ಲೇ ತಿಳ್ಕೊಂಡಿರ್ತಾನಲ್ಲೋ. ಬೈದ್ರೆ ಬೈಲಿ. ಅವನಿಗೆ ಹೇಳ್ದೆ ಸತ್ರೆ ನಂಗೆ ನೆಮ್ಮದಿ ಇಲ್ಲ."

ಹುಡುಕಿದೆ. ಫಿಂಟನ್ ಆಮೇಲೆ ಫುಟ್‌ಬಾಲ್ ಆಡಲೇ ಇಲ್ಲ. ಈಗ ಹಾಲಿನ ಲಾರಿ ಓಡಿಸುತ್ತಾನೆ. ಮುಂದಿನ ಭಾನುವಾರ ಆಂಟಿಯ ಅಡುಗೆಮನೆಯಿಂದಲೇ ಫೋನ್ ಮಾಡಿದೆವು. ಆಂಟಿ ಒಳ್ಳೆಯ ಸ್ವೆಟರ್ ಹಾಕಿಕೊಂಡು, ತುಟಿಗೆ ಬಣ್ಣ ಹಚ್ಚಿಕೊಂಡು ಕುಳಿತಿದ್ದರು. ನನಗೆ ಭಯ. ಅವನು ಏನಾದರೂ ಅಂದರೆ ಈ ಜೀವ ತಡೆದುಕೊಳ್ಳುವುದಿಲ್ಲ ಎನಿಸಿತು.

"ಫಿಂಟನ್? ನಾನು ಕಣೋ, ವಿನ್ ಆಂಟಿ."

"ಆಂಟಿ? ನೀವಿನ್ನೂ ಇದ್ದೀರಾ?"

"ಇದೀನಿ ಮಾರಾಯ, ಹೋಗು ಅಂದ್ರೂ ಹೋಗ್ತಿಲ್ಲ ಈ ಪ್ರಾಣ."

ಆಮೇಲೆ ಸುತ್ತಿ ಬಳಸದೆ ಎಲ್ಲ ಹೇಳಿದರು. ಕೊಳೆಯುತ್ತಿದ್ದ ಸೇಬು, ಬಾರದ ಫೋನು, ಶುಕ್ರವಾರದ ಒಪ್ಪಂದ. ಲೈನು ಕಡಿಯಿತೇನೋ ಎಂದು ಕ್ಲೈವ್ ಯಂತ್ರ ನೋಡಿದ. ಕಡಿದಿರಲಿಲ್ಲ.

"ಬೈಯೋದಿದ್ರೆ ಬೈದ್ಬಿಡಪ್ಪ" ಎಂದರು ಆಂಟಿ.

"ಅಂದ್ರೆ, ನಾನು ಲಾಯಕ್ಕಿಲ್ಲ ಅಂತ ಯಾರೂ ಹೇಳ್ಲೇ ಇಲ್ವಾ?"

"ಯಾರೂ ಹೇಳಿಲ್ವೋ."

"ನಾನೇ ಎಲ್ರಿಗೂ ಹಂಗೆ ಹೇಳ್ಕೊಂಡು ಬಂದಿದೀನಿ ಆಂಟಿ. ಮಕ್ಕಳಿಗೂ."

ಕ್ಲೈವ್ ಗೋಡೆ ಕಡೆ ತಿರುಗಿ ಕುಳಿತ. ಆ ಕಡೆ ಕುರ್ಚಿ ಸರಿದ ಸದ್ದು. ಫಿಂಟನ್ ಯಾರನ್ನೋ ಕರೆದ. ಮತ್ತೆ ಫೋನಿಗೆ ಬಂದಾಗ ಅವನ ದನಿ ಹದಿನೇಳರ ಹುಡುಗನದಾಗಿತ್ತು.

"ಆಂಟಿ, ನನ್ನ ಹೆಂಡ್ತಿ ಬ್ರೀಡಾ ಬಂದಿದಾಳೆ. ಫೋನ್ ಅವಳ ಕೈಗೆ ಕೊಡ್ತೀನಿ. ಇನ್ನೊಂದ್ಸಲ ಹೇಳ್ತೀರಾ?"

ಆಂಟಿ ಕಣ್ಣೊರೆಸಿಕೊಂಡು ನೆಟ್ಟಗೆ ಕುಳಿತರು.

"ಕೇಳಮ್ಮ ಬ್ರೀಡಾ," ಎಂದರು. "ನಿನ್ನ ಗಂಡ ತುಂಬ ಚೆನ್ನಾಗಿ ಆಡ್ತಿದ್ದ. ನಮ್ಮ ಕ್ಲಬ್ಬಿಗೆ ಅವನು ಬೇಕಾಗಿದ್ದ."