ಹೆಸರಿಲ್ಲದ ಕೈ

ಬನಹಟ್ಟಿಯಲ್ಲಿ ಅನಸವ್ವನ ಬಗ್ಗೆ ಯಾರನ್ನು ಕೇಳಿದರೂ ಅವಳ ಬೆರಳಿನ ಸುದ್ದಿಯನ್ನೇ ಹೇಳುತ್ತಾರೆ. ಮಗ್ಗದ ಹಾಸು, ಅಂದರೆ ಉದ್ದೆಳೆಗಳು, ತೀರಿದಾಗ ಹಳೆಯ ಎಳೆಗೆ ಹೊಸ ಎಳೆ ಕೂಡಿಸುವುದು ಅವಳ ಕಸುಬು. ಬೆರಳಿಗೆ ಬೂದಿ ಹಚ್ಚಿಕೊಂಡು ಹೊಸೆದಳೆಂದರೆ ಗಂಟೇ ಇರುವುದಿಲ್ಲ, ಕೂಡಿದ ಜಾಗ ಹುಡುಕಿದರೂ ಸಿಗದು. ಅವಳ ಸಿಟ್ಟಿನ ಸುದ್ದಿ ಮಾತ್ರ ನನಗೊಬ್ಬನಿಗೇ ಗೊತ್ತು. ಅದರಲ್ಲಿ ನನ್ನ ಪಾಲೂ ಇದೆ.

೧೯೭೪ರಲ್ಲಿ ನಾವಿಬ್ಬರೂ ಒಂಬತ್ತನೆಯ ಇಯತ್ತೆ. ಜಮಖಂಡಿಯಲ್ಲಿ ಹೈಸ್ಕೂಲುಗಳ ಯಂತ್ರ ಸ್ಪರ್ಧೆ. ಮೂವರ ತಂಡ, ಎರಡು ತಾಸು ವೇಳೆ, ಅವರು ಕೊಟ್ಟ ಸೈಕಲ್ ಗಾಲಿ, ದಾರ, ಡಬ್ಬಿಗಳಲ್ಲೇ ನೀರೆತ್ತುವ ಯಂತ್ರ ಕಟ್ಟಬೇಕು. ನಾನಿದ್ದ ತಂಡದಲ್ಲಿ ತಿಂಗಳುಗಟ್ಟಲೆ ತಲೆ ಓಡಿಸಿದವಳು ಅನಸವ್ವ. ಅವತ್ತು ಮುಂಜಾನೆ ನಮ್ಮ ಮುರಗೆಪ್ಪ ಮಾಸ್ತರ ಅವಳ ಹೆಸರಿನ ಮೇಲೆ ಗೆರೆ ಎಳೆದು ತನ್ನ ತಂಗಿಯ ಮಗನ ಹೆಸರು ಬರೆದ. ನಡುವೆ ದಾರ ಸಡಿಲಾದಾಗ ತಡೆಯಲಾರದೆ ಅವಳು ಕೈ ಚಾಚಿದಳು.

"ಏ, ಸರಿ ಹಿಂದ! ಪಟ್ಟಿಯೊಳಗ ಹೆಸರಿಲ್ಲದವರು ಕೈ ಹಚ್ಚಿದ್ರ ತಂಡಾನ ಬಾದ, ಸ್ಪರ್ಧಾದಿಂದ ಹೊರಗ!" ಎಂದು ಮಾಸ್ತರ ಎಲ್ಲರೆದುರು ಗದರಿದ.

ಅವಳು ನನ್ನ ಮುಖ ನೋಡಿದಳು. ನಾನು ಬಾಯಿ ಬಿಡಲಿಲ್ಲ. ಗೆದ್ದವರಿಗೆ ಕೊಡುವ ಢಾಲು ನಮಗೇ ಬಂತು. ಮರುದಿನದಿಂದ ಅವಳು ಸಾಲಿಗೆ ಬರಲಿಲ್ಲ. ಆದರೆ ಸ್ಪರ್ಧೆ ಎಲ್ಲಿ ನಡೆದರೂ, ಮುಧೋಳವಿರಲಿ ಬೀಳಗಿಯಿರಲಿ, ಬಂದು ಹಿಂದಿನ ಬೆಂಚಿನಲ್ಲಿ ಕೂರುತ್ತಿದ್ದಳು. ಹದಿನೆಂಟು ವರ್ಷ!

೧೯೯೨ರಲ್ಲಿ ಸ್ಪರ್ಧೆ ಬನಹಟ್ಟಿಗೇ ಬಂತು. ನಾನು ಪರೀಕ್ಷಕ. ಮುರಗೆಪ್ಪ ಈಗ ಬೇರೊಂದು ಸಾಲಿಯ ಹೆಡ್‌ಮಾಸ್ತರ. ಅದೇ ವರ್ಷ ನಿವೃತ್ತಿ, ಹೋಗುವ ಮೊದಲು ಢಾಲು ಒಯ್ಯಲೇಬೇಕೆಂಬ ಹಟ. ಹತ್ತು ನಿಮಿಷ ಉಳಿದಾಗ ಅವನ ತಂಡದ ದಾರ ಹರಿಯಿತು. ಗಂಟು ಹಾಕಿದರೆ ಗಾಲಿಯ ಸಣ್ಣ ತೂತಿನಲ್ಲಿ ಸಿಕ್ಕಿಕೊಳ್ಳುತ್ತಿತ್ತು. ಹೊಸ ದಾರ ಕೊಡುವ ನಿಯಮವಿಲ್ಲ.

ಮುದುಕ ಹಿಂದಿನ ಬೆಂಚಿಗೆ ಓಡಿದ. "ಅನಸವ್ವಾ, ಒಂದೀಟ ಕೂಡಿಸಿ ಕೊಡವಾ. ನನ್ನ ಮರ್ಯಾದಿ ಪ್ರಶ್ನಾ ಐತಿ. ಯಾರೂ ನೋಡಾಕತ್ತಿಲ್ಲ."

ಅವಳು ಸಂಚಿಯಿಂದ ಬೂದಿ ತೆಗೆದು ಹೊಸೆದು ಕೊಟ್ಟಳು. ನಾನು ನೋಡಿದೆ. ನೋಡಿಯೂ ಕಾಗದದ ಕಡೆ ಮುಖ ತಿರುವಿದೆ, ಥೂ ನನ್ನ ಜನ್ಮಕ್ಕೆ! ಯಂತ್ರ ತಿರುಗಿತು, ನೀರು ಏರಿತು, ಚಪ್ಪಾಳೆ ಬಿತ್ತು.

ಆಗ ಅನಸವ್ವ ನೆಟ್ಟಗೆ ನನ್ನ ಮೇಜಿಗೆ ಬಂದಳು. "ಸಾಹೇಬ್ರ, ಆ ದಾರಕ್ಕ ನಾ ಕೈ ಹಚ್ಚೇನ್ರಿ. ಪಟ್ಟಿಯೊಳಗ ನನ್ನ ಹೆಸರು ಐತೇನು ನೋಡ್ರಿ."

"ಶುದ್ಧ ಸುಳ್ಳ!" ಮುರಗೆಪ್ಪ ಚೀರಿದ. "ಕೂಡಿಸಿದ್ದು ಎಲ್ಲೈತಿ? ತೋರಸಲಿ!"

ಉಳಿದ ಪರೀಕ್ಷಕರು ದಾರವನ್ನು ಇಂಚಿಂಚು ತಡವಿದರು. ಏನೂ ಸಿಗಲಿಲ್ಲ. ಅವಳ ಕೈಗುಣವೇ ಅವಳನ್ನು ಸುಳ್ಳಿಯನ್ನಾಗಿ ಮಾಡಿತ್ತು. ಅವಳು ನನ್ನ ಕಡೆ ತಿರುಗಿದಳು.

"ಲೇ ಸಾತಪ್ಪ, ಅವತ್ತೂ ನೋಡಿದ್ದಿ, ಇವತ್ತೂ ನೋಡೀದಿ. ಹೇಳ್ತೀಯೋ ಇಲ್ಲೋ?"

ನಾನು ಕಾಗದ ಕೆಳಗಿಟ್ಟು ಎದ್ದು ನಿಂತೆ. "ನಾ ನೋಡೇನ್ರಿ," ಎಂದೆ. "ಕೂಡಿಸಿದ್ದು ಆಕಿನ. ನೋಡಿ ಸುಮ್ನಿದ್ದೆ."

ತಂಡ ಬಾದ. ಮುರಗೆಪ್ಪ ಕುರ್ಚಿಯಲ್ಲಿ ಕುಸಿದ. ಅವನ ತಂಡದ ಹುಡುಗಿಯೊಬ್ಬಳು ಬಿಕ್ಕಿ ಅತ್ತಳು.

"ಅಳ್ಲಿ," ಎಂದಳು ಅನಸವ್ವ. "ನಾನೂ ಹಿಂಗ ಅತ್ತೇನಿ."

ಅದಾದ ಮೇಲೆ ನನ್ನನ್ನು ಯಾರೂ ಪರೀಕ್ಷಕನಾಗಿ ಕರೆಯಲಿಲ್ಲ. ಕರೆಯುವುದಿಲ್ಲವೆಂದು ಅವಳಿಗೆ ಅವತ್ತೇ ಗೊತ್ತಿತ್ತು. ಸಂಚಿಯ ಬಾಯಿ ಬಿಗಿಯುತ್ತ ನನ್ನನ್ನು ನೋಡಿ, "ನಿಂದೂ ಮುಗೀತು," ಎಂದು ಹೊರಟುಹೋದಳು.