ಎರಡನೆಯ ಕಚ್ಚು

ಕಚ್ ಎಂದು ಕತ್ತರಿ ಮುಚ್ಚಿದ ಸದ್ದು, ಹಿಂದೆಯೇ ಕುರಿಮರಿಯೊಂದು ಚೀರಿದ ಸದ್ದು. ಬಶೀರಾಬಾದ್ ಹತ್ತಿರದ ನಮ್ಮ ಓಣಿಯಲ್ಲಿ ಇವೆರಡು ಕೇಳಿಸಿದರೆ ಪೀರಮ್ಮನ ಅಂಗಳದಲ್ಲಿ ಕಿವಿಗುರುತು ಹಾಕುತ್ತಿದ್ದಾರೆ ಎಂದೇ ಲೆಕ್ಕ. ಊರಿನ ಕುರಿಗಳೆಲ್ಲ ಒಂದೇ ಬಯಲಲ್ಲಿ ಮೇಯುತ್ತವೆ. ಯಾವುದು ಯಾರದೆಂದು ಹೇಳುವುದು ಎಡಗಿವಿಯ ಅಂಚಿನ ಕಚ್ಚು. ಕಾಶಿನಾಥನ ಮನೆತನಕ್ಕೆ ಒಂದು ಕಚ್ಚು, ಜಗದೇವಿಯ ಮನೆತನಕ್ಕೆ ಎರಡು. ಕಚ್ಚು ಹಾಕುವವಳೂ ಪೀರಮ್ಮ, ತಕರಾರು ಬಂದಾಗ ಓದಿ ಹೇಳುವವಳೂ ಅವಳೇ. ಕಣ್ಣು ಮಂಜಾದ ಮೇಲೆ ಬೆರಳಿನಿಂದಲೇ ಓದುತ್ತಿದ್ದಳು.

"ಅತ್ತಿ, ನಿನ್ನ ಬೆರಳು ರೇಷನ್ ಅಂಗಡಿ ಮಿಷಿನ್‌ಕಿಂತ ಪಕ್ಕಾ ಅದ," ಎಂದು ಕಾಶಿನಾಥ ಚೇಷ್ಟೆ ಮಾಡುತ್ತಿದ್ದ.

"ಸುಮ್ನಿರೋ. ಕುರಿ ಕಿವಿ ನಿನ್ನ ಮಾತಿಗಿಂತ ನೆಟ್ಟಗದ."

ಪೀರಮ್ಮನಿಗೆ ಅವಳ ಅತ್ತೆ ಕತ್ತರಿಯ ಜೊತೆ ಎರಡು ಕಟ್ಟಳೆ ಕೊಟ್ಟಿದ್ದಳು. ಕೇಳಿದಾಗ ಇದ್ದದ್ದನ್ನೇ ಹೇಳಬೇಕು. ಕೇಳದೆ ಹೇಳಬಾರದು. ಒಮ್ಮೆ ಸ್ವಂತ ತಮ್ಮನ ವಿರುದ್ಧವೂ ಹೇಳಿದವಳು.

ಹೋದ ಮಳೆಗಾಲದಲ್ಲಿ ಪಕ್ಕದ ಮನೆಯ ಜಗದೇವಿಯ ಎರಡು ಕುರಿ ಎಳೆ ಜೋಳ ತಿಂದು ಹೊಲದಲ್ಲೇ ಬಿದ್ದು ಸತ್ತವು. ಗಂಡನಿಲ್ಲದ ಅವಳಿಗೆ ಉಳಿದದ್ದು ಆರೇ. ಅದೇ ವಾರ ಕಾಶಿನಾಥನ ಗಬ್ಬದ ಕುರಿಯೊಂದು ಮಳೆಯಲ್ಲಿ ತಪ್ಪಿಹೋಯಿತು. ಮರುದಿನ ಪೀರಮ್ಮ ಚೊಂಬಿನಲ್ಲಿ ಮಜ್ಜಿಗೆ ಹಿಡಿದು ಜಗದೇವಿಯ ಮನೆಗೆ ಹೋದಳು. ಹಿತ್ತಲಲ್ಲಿದ್ದ ಒಂದು ಕುರಿ ಬಂದು ಅವಳ ಮೊಣಕಾಲಿಗೆ ತಲೆ ಒತ್ತಿತು. ರೂಢಿಯಂತೆ ಕಿವಿ ಸವರಿದಳು. ಒಂದು ಕಚ್ಚಿನ ಅಂಚು ಹಳೆಯದು, ನಯವಾಗಿತ್ತು. ಇನ್ನೊಂದು ಹಸಿ, ಬೆರಳಿಗೆ ಅಂಟಿತು.

ಒಲೆಯ ಮುಂದೆ ಕೂತಿದ್ದ ಜಗದೇವಿ ತಲೆ ಎತ್ತಲಿಲ್ಲ. "ಅಕ್ಕಾ, ಛಾ ಕುಡದು ಹೋಗ್ರಿ," ಎಂದಳು.

ಪೀರಮ್ಮ ಕುಡಿದಳು. ಬೆರಳನ್ನು ಸೆರಗಿಗೆ ಒರೆಸಿಕೊಂಡು ಮನೆಗೆ ಬಂದಳು. ಯಾರೂ ಏನೂ ಕೇಳಿರಲಿಲ್ಲ.

ಎರಡು ದಿನ ಕಳೆದ ಮೇಲೆ ಕೇಳಿದರು. ಜಗದೇವಿಯ ಹಿತ್ತಲಲ್ಲಿ ತನ್ನ ಕುರಿಯ ಗುರುತು ಹಿಡಿದ ಕಾಶಿನಾಥ ಅದನ್ನು ಎಳೆದು ತಂದಿದ್ದ, ಬೇವಿನ ಕಟ್ಟೆಯ ಮುಂದೆ ಜನ ಕೂಡಿತ್ತು. ಊರಿನ ಹಿರಿಯ ಬಂಡೆಪ್ಪ, "ಹೇಳವ್ವಾ, ಯಾರದದ?" ಎಂದ. ಪೀರಮ್ಮ ಮತ್ತೆ ಕಿವಿ ಮುಟ್ಟಿದಳು. ಮುಟ್ಟುವ ಅಗತ್ಯವಿರಲಿಲ್ಲ.

"ಕಾಶಿನಾಥಂದು. ಎರಡನೇ ಕಚ್ಚು ಈ ವಾರದಾಗ ಕೊಯ್ದದ್ದು."

ಜಗದೇವಿಯನ್ನು ಯಾರೂ ಹೊಡೆಯಲಿಲ್ಲ, ದಂಡ ಹಾಕಲಿಲ್ಲ. ಮರುದಿನದಿಂದ ಅವಳ ಆರು ಕುರಿ ಬಯಲಿಗೆ ಬಂದರೆ ಉಳಿದವರು ತಮ್ಮ ಹಿಂಡನ್ನು ಬೇರೆ ಕಡೆ ಹೊಡೆದುಕೊಂಡು ಹೋದರು, ಅಷ್ಟೆ. ನಳದ ಹತ್ತಿರ ಹೆಂಗಸರು, "ಕಿವಿ ಮುಚ್ಕೊಳ್ರೇ, ಜಗದೇವಿ ಬಂದ್ಳು," ಎಂದು ನಕ್ಕರು. ಒಂದೇ ತಿಂಗಳು ತಡೆದಳು. ಕುರಿ ಮಾರಿ, ನಾರಾಯಣಖೇಡದ ಹತ್ತಿರದ ತವರಿಗೆ ಹೊರಟು ನಿಂತಳು. ಹೋಗುವ ಮುಂಚೆ ಮಜ್ಜಿಗೆಯ ಚೊಂಬನ್ನು ಬೆಳಗಿ ತಂದು ಪೀರಮ್ಮನ ಕಟ್ಟೆಯ ಮೇಲಿಟ್ಟಳು.

"ಖರೇನೇ ಹೇಳಿದ್ರಿ ಅಕ್ಕಾ. ಅದಕ್ಕ ನನಗ ಸಿಟ್ಟಿಲ್ಲ. ಅವತ್ತು ಛಾ ಕುಡಿಯಾಗ ನನಗ ಎರಡು ಮಾತು ಬೈದಿದ್ರ, ಕತ್ತಲಾಗದ್ರೊಳಗ ನಾನೇ ಕುರಿ ಬಿಟ್ಟು ಬರ್ತಿದ್ದೆ."

ಈ ಮಾಘದಲ್ಲಿ ಎಲ್ಲರೂ ಮರಿಗಳನ್ನು ಎತ್ತಿಕೊಂಡು ಬಂದಾಗ ಪೀರಮ್ಮ ಕತ್ತರಿಯನ್ನು ಬಂಡೆಪ್ಪನ ಸೊಸೆ ಸ್ವರೂಪಾಳ ಕೈಗಿಟ್ಟಳು. ಕಲಿತ ಕೈಯಲ್ಲ, ಮೊದಲ ಮರಿ ಬಹಳ ಹೊತ್ತು ಚೀರಿತು.

ಬಂಡೆಪ್ಪನಿಗೆ ಸರಿಬೀಳಲಿಲ್ಲ. "ನಿಂದೇನು ತಪ್ಪವ್ವಾ? ಖರೇ ಹೇಳಿದಿ."

"ಕೇಳಿದ ದಿನ ಖರೇ ಹೇಳೀನ್ರಿ. ಕೇಳಲಾರದ ಆ ಎರಡು ದಿನ ನಾ ಎಂಥಾಕಿ ಆಗಿದ್ದೆ ಅಂತ ಯಾರೂ ಕೇಳವಲ್ರಿ."

ಬಂಡೆಪ್ಪ ಮುಂದಿನ ಮರಿಯನ್ನು ಎತ್ತಿ ಸೊಸೆಯ ಮುಂದೆ ಹಿಡಿದ.

ತಿರುವಿನಲ್ಲಿ ತಾಂಡೂರ್ ಬಸ್ಸಿನ ಹಾರನ್ ಕೇಳಿಸಿತು. ಪೀರಮ್ಮ ಒಳಗೆ ಹೋಗಿ ಆ ಚೊಂಬನ್ನು ಚೀಲಕ್ಕೆ ಹಾಕಿಕೊಂಡು ಬಂದಳು. ಜಗದೇವಿ ಹೋದಾಗಿನಿಂದ ಅದರಲ್ಲಿ ಮಜ್ಜಿಗೆ ತುಂಬಿರಲಿಲ್ಲ.

"ಎಲ್ಲಿಗಿ ಅತ್ತಿ?" ಎಂದಳು ಸ್ವರೂಪಾ.

"ನಾರಾಯಣಖೇಡಕ್ಕ. ಆಕಿ ಬಾಗಿಲಾ ತೆಗಿತಾಳೋ ಇಲ್ಲೋ," ಎಂದು ಪೀರಮ್ಮ ಮೆಟ್ಟಿಲಿಳಿದು, ನಮ್ಮ ಕಡೆ ತಿರುಗದೆ ರಸ್ತೆಯತ್ತ ನಡೆದಳು, "ತೆಗೆದ್ರ, ಮೊದಲು ನಾ ಆಕಿ ಮುಂದ ನನ್ನ ತಪ್ಪು ಹೇಳ್ತೀನಿ, ಆಕಿ ಕೇಳದಿದ್ರೂ."